ಬ್ಲೂಬೆಲ್ ಕಾಡಿನಲ್ಲಿ ನೆನಪಾದ ಮೇಷ್ಟ್ರು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಇಂಗ್ಲೆಂಡಿನ ಬದುಕಿನ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದ್ದಾರೆ. ಕೆಲಸ, ಸಂಬಳದ ಮಾತು ಬೇಡ. ಅಲ್ಲಿ ಒಂದು ಕಾಡಿನಲ್ಲಿ ನಡೆದದ್ದನ್ನು ಹೇಳುತ್ತೇನೆ.

ಲಂಡನ್ನಿನ ವಾಯವ್ಯಕ್ಕೆ, ಹರ್ಟ್‌ಫರ್ಡ್‌ಷೈರಿನಲ್ಲಿ ಆಶ್ರಿಜ್ ಎಂಬ ಕಾಡಿದೆ. ಏಪ್ರಿಲ್ ಕೊನೆಗೆ ಬೀಚ್ ಮರಗಳು ಚಿಗುರುವಾಗ ಅಲ್ಲಿ ನೆಲದ ತುಂಬ ಬ್ಲೂಬೆಲ್. ಗೇಣುದ್ದದ ದಂಟು, ಒಂದೇ ಕಡೆಗೆ ಬಾಗಿದ ನೀಲಿ ಗಂಟೆಯಂಥ ಹೂಗಳು. ಮೇಲೆ ಎಲೆ ದಟ್ಟವಾಗಿ ನೆರಳು ಕವಿಯುವ ಮೊದಲೇ ಅದು ಹೂಬಿಟ್ಟು, ಮುಂದಿನ ವರ್ಷಕ್ಕೆ ಗಡ್ಡೆಯಲ್ಲಿ ಆಹಾರ ಕೂಡಿಡಬೇಕು.

ನಾವು ಹತ್ತು ಹನ್ನೆರಡು ಮಂದಿ ಹೊರಟಿದ್ದೆವು. ದಾರಿ ತೋರಿಸುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಚಳಿಗೆ ದಕ್ಷಿಣಕ್ಕೆ ಹೋಗಿದ್ದ ಚಿಫ್‌ಚಾಫ್ ಹಕ್ಕಿ ಮರಳಿ ಬಂದು ತನ್ನ ಹೆಸರನ್ನೇ ಕೂಗುತ್ತಿತ್ತು. ಮರಕುಟಿಗ ಒಣಕೊಂಬೆ ಕುಟ್ಟುತ್ತಿತ್ತು. ಫೋಟೊ ತೆಗೆಯಲು ನಾನು ದಾರಿ ಬಿಟ್ಟು ಹೂವಿನ ನಡುವೆ ಎರಡು ಹೆಜ್ಜೆ ಇಟ್ಟೆ. ಅಜ್ಜಿ ಬೈಯಲಿಲ್ಲ, ನನ್ನ ಕಾಲಡಿ ತೋರಿಸಿದರು. "ಎಲೆ ನಜ್ಜಾದರೆ ಗಡ್ಡೆಗೆ ಊಟವಿಲ್ಲ. ಬೀಜ ಮೊಳೆತು ಹೂ ಬಿಡಲು ಐದು ವರ್ಷವಾದರೂ ಬೇಕು," ಎಂದರು. ನಾಚಿಕೆಯಿಂದ ದಾರಿಗೆ ಮರಳಿದೆ.

ಅಷ್ಟರಲ್ಲಿ ಪೊದೆಯಾಚೆ ನಾಯಿ ಬೊಗಳಿದಂತಾಯಿತು. "ಮಂಟ್‌ಜಾಕ್ ಜಿಂಕೆ. ಚೀನಾದಿಂದ ತಂದು ಸಾಕಿದ್ದು ತಪ್ಪಿಸಿಕೊಂಡು ಹಬ್ಬಿತು. ಬ್ಲೂಬೆಲ್ಲನ್ನೂ ಮೇಯುತ್ತದೆ," ಎಂದರು. ನಮ್ಮ ಕಾಡುಕುರಿಯ ಬಳಗ! ಎಂಟನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ನಮ್ಮನ್ನು ದೇವರಕಾಡಿಗೆ ಕರೆದೊಯ್ದಾಗ ಇದೇ ಕೂಗು ಕೇಳಿತ್ತು. "ನಾಯಿಯಲ್ಲ ಕಣ್ರೋ, ಕಾಡುಕುರಿ," ಎಂದಿದ್ದರು. ಅದನ್ನು ಹೆಮ್ಮೆಯಿಂದ ಅಜ್ಜಿಗೆ ಹೇಳಿದೆ. ಅವರು ಖುಷಿಯಿಂದ, "ನಿಮ್ಮ ದೇವರಕಾಡಿನ ನೆಲದಲ್ಲಿ ಯಾವ ಹೂ ಅರಳುತ್ತದೆ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಹದಿನೈದು ವರ್ಷ ಅದರ ಪಕ್ಕದಲ್ಲೇ ಬೆಳೆದವನು ಒಂದು ಹೆಸರನ್ನೂ ಹೇಳಲಾಗಲಿಲ್ಲ. ಮೇಷ್ಟ್ರು ಅಂದು ಹೇಳಿಯೇ ಇದ್ದರು. ಪರೀಕ್ಷೆಗೆ ಬರುವುದಿಲ್ಲವೆಂದು ನಾನು ಬರೆದುಕೊಂಡಿರಲಿಲ್ಲ. ಇಂದು ಕೇಳೋಣವೆಂದರೆ ಅವರಿಲ್ಲ.

ಆದರೆ ಗಿಡದ ಹೆಸರು, ಔಷಧಿ ಬಲ್ಲ ಅಜ್ಜ ಅಜ್ಜಿಯರು ಈ ಸಭೆಯಲ್ಲೇ ಕುಳಿತಿದ್ದೀರಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ನಾಳೆ ಬೆಳಿಗ್ಗೆ ಏಳಕ್ಕೆ ಶಾಲೆಯ ಗೇಟಿನ ಹತ್ತಿರ ಬನ್ನಿ. ದೇವರಕಾಡಿಗೆ ಮಕ್ಕಳೊಂದಿಗೆ ನಿಧಾನವಾಗಿ, ದಾರಿ ಬಿಡದೆ ನಡೆಯೋಣ. ನೀವು ಹೆಸರು ಹೇಳಿ, ಮಕ್ಕಳು ಬರೆದುಕೊಳ್ಳಲಿ. ನಾನೂ ಒಂದು ನೋಟ್‌ಬುಕ್ ತಂದಿದ್ದೇನೆ.