ಅಂದಕ್ಕೆ ತಂದ ಗಿಡ



ಜುಲೈ, ಆಗಸ್ಟ್ ತಿಂಗಳಲ್ಲಿ ಗುಂಡ್ಲುಪೇಟೆಯಿಂದ ಊಟಿ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿ ಚೆಂಡುಹೂವು, ಸೂರ್ಯಕಾಂತಿ. ಕೇರಳದಿಂದ ಬಂದವರು ಕಾರು ನಿಲ್ಲಿಸಿ, ಹೊಲದೊಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಹೊಲ ಮುಗಿದು ಬಂಡೀಪುರದ ಕಾಡು ಶುರುವಾದ ಮೇಲೂ ಹೂವು ಮುಗಿಯುವುದಿಲ್ಲ. ಹಳದಿ, ಕೇಸರಿ, ಗುಲಾಬಿ ಬೆರೆತ ಪುಟ್ಟ ಪುಟ್ಟ ಗೊಂಚಲು. ಕಾಡಿನೊಳಗೆ ಗಾಡಿ ನಿಲ್ಲಿಸುವಂತಿಲ್ಲ, ಕಿಟಕಿಯಿಂದಲೇ ನೋಡಬೇಕು. ನೋಡಲು ಚೆನ್ನಾಗಿಯೇ ಇದೆ. ಅದು ಲಂಟಾನ.

ಲಂಟಾನ ನಮ್ಮ ಕಾಡಿನ ಗಿಡವಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ ಯುರೋಪಿಗೆ ಹೋಗಿ, ಅಲ್ಲಿಯ ತೋಟಗಾರರ ಕೈಯಲ್ಲಿ ಬಗೆಬಗೆಯ ಬಣ್ಣ ಪಡೆದು, 19ನೇ ಶತಮಾನದ ಆರಂಭದಲ್ಲಿ ಇಲ್ಲಿನ ಬ್ರಿಟಿಷರ ಉದ್ಯಾನಗಳಿಗೆ ಅಲಂಕಾರಕ್ಕೆಂದು ಬಂದಿಳಿದದ್ದು. ಇಂದು ನಾವು ನರ್ಸರಿಯಲ್ಲಿ ಗಿಡ ಆರಿಸುವಂತೆಯೇ ಅಂದೂ ಯಾರೋ ಹೂವಿನ ಬಣ್ಣ ನೋಡಿ ಆರಿಸಿದರು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಬೇಲಿಯಾಚೆಗೆ ಒಯ್ದವು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಭಾರತದಲ್ಲಿ ಹುಲಿ ವಾಸಿಸುವ ಅರಣ್ಯ ಪ್ರದೇಶದ ಶೇ 40ಕ್ಕೂ ಹೆಚ್ಚು ಭಾಗಕ್ಕೆ ಲಂಟಾನ ಹಬ್ಬಿದೆ. ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ, ಮಲೆ ಮಹದೇಶ್ವರ ಬೆಟ್ಟದಲ್ಲಿ ಅದರ ಪೊದೆಯ ಕೆಳಗೆ ಹುಲ್ಲು ಏಳುವುದಿಲ್ಲ. ಎಲೆ ತಿಂದ ದನಕ್ಕೆ ವಿಷವೇರುತ್ತದೆ. ಬೇಸಿಗೆಯಲ್ಲಿ ಒಣಗಿದರೆ ಬೆಂಕಿಗೆ ಸೌದೆ.

ಹಾಗೆಂದು ಹೊರಗಿನದ್ದೆಲ್ಲ ಕೆಟ್ಟದ್ದು ಎನ್ನಲು ನಾನು ಸಿದ್ಧನಿಲ್ಲ. ಆ ರಸ್ತೆ ಬದಿಯ ಚೆಂಡುಹೂವೂ ಮೆಕ್ಸಿಕೊ ಕಡೆಯದೇ, ಸೂರ್ಯಕಾಂತಿಯೂ ಉತ್ತರ ಅಮೆರಿಕದ್ದೇ. ಬಣ್ಣ ತೆಗೆಯುವ ಕಾರ್ಖಾನೆಗೂ ಆಯುಧಪೂಜೆಯ ಹಾರಕ್ಕೂ ಹೋಗುವ ಚೆಂಡುಹೂವು ಫಸಲು ಮುಗಿದ ಮೇಲೆ ಹೊಲ ಬಿಟ್ಟು ಕಾಡಿಗೆ ನುಗ್ಗಲಿಲ್ಲ. ಗಿಡದ ಹುಟ್ಟೂರಿಗಿಂತ ಅದರ ನಡತೆಯನ್ನು ನೋಡಬೇಕು. ಗಿಡ ಕೊಳ್ಳುವಾಗ ನಾವು ನೋಡದಿರುವುದು ಅದನ್ನೇ.

ಈಗ ಮನೆಯೊಳಗೆ ಬರೋಣ. ನರ್ಸರಿಯ ಹಸಿರು ಬಲೆಯ ಕೆಳಗೆ, ತೇವದಲ್ಲಿ ಬೆಳೆದು ಥಳಥಳಿಸುವ ಕ್ರೋಟನ್ ಗಿಡವನ್ನು ತಂದು ಟಿ.ವಿ. ಪಕ್ಕದ ಕತ್ತಲೆ ಮೂಲೆಗೆ ಇಟ್ಟರೆ ಹದಿನೈದು ದಿನದಲ್ಲಿ ಎಲೆ ಉದುರಿಸುತ್ತದೆ. ಅದಕ್ಕೆ ಬೆಳಕಿಲ್ಲದಿದ್ದರೆ ಬಣ್ಣವೂ ಇಲ್ಲ. ಆದ್ದರಿಂದ ಗಿಡಕ್ಕಿಂತ ಮೊದಲು ಜಾಗವನ್ನು ಆರಿಸಿ. ಕಿಟಕಿ ಯಾವ ದಿಕ್ಕಿಗಿದೆ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ? ಚಾಮರಾಜನಗರದ ಏಪ್ರಿಲ್ ಬಿಸಿಲಲ್ಲಿ ಪಶ್ಚಿಮದ ಜಗಲಿಗೆ ದುಂಡುಮಲ್ಲಿಗೆ, ಲೋಳೆಸರ, ದಾಸವಾಳ ಹೊಂದುತ್ತವೆ. ಬೆಳಕು ಕಡಿಮೆಯಿರುವ ನಡುಮನೆಗೆ ಹಾವಿನ ಗಿಡ, ಮನಿ ಪ್ಲಾಂಟ್. ದೊಡ್ಡಪತ್ರೆಯನ್ನು ನಾನು ಅಲಂಕಾರದ ಗಿಡವೆಂದೇ ಎಣಿಸುತ್ತೇನೆ. ಅದರ ಎಲೆಯ ಅಂಚು ಎಷ್ಟು ಚೆಂದ, ತಂಬುಳಿಗೂ ಆಗುತ್ತದೆ.

ಮನೆಯ ಗಿಡಗಳು ಸಾಮಾನ್ಯವಾಗಿ ಸಾಯುವುದು ನೀರಿಲ್ಲದೆ ಅಲ್ಲ, ನೀರು ಹೆಚ್ಚಾಗಿ. ಬೇರಿಗೂ ಗಾಳಿ ಬೇಕು. ನಮ್ಮ ಕೆಂಪು ಮಣ್ಣನ್ನು ಹಾಗೆಯೇ ಕುಂಡಕ್ಕೆ ತುಂಬಿದರೆ ಕೆಲವೇ ದಿನಗಳಲ್ಲಿ ಗಟ್ಟಿಯಾಗಿ, ಹೊಯ್ದ ನೀರು ಅಂಚಿನಲ್ಲಿ ಜಾರಿಹೋಗುತ್ತದೆ. ಮರಳು, ಕಳಿತ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿ. ಬೆರಳನ್ನು ಒಂದಂಗುಲ ಮಣ್ಣಿಗೆ ತೂರಿಸಿ, ಒಳಗೂ ಒಣಗಿದ್ದರೆ ಮಾತ್ರ ನೀರು ಹಾಕಿ. ಕುಂಡದ ಅಂಚಿಗೆ ಬಿಳಿ ಪದರ ಕಟ್ಟಿದ್ದರೆ ಅದು ಬೋರ್‌ವೆಲ್ ನೀರಿನ ಲವಣ. ಮಳೆ ಬಂದ ದಿನ ಕುಂಡಗಳನ್ನು ಹೊರಗಿಟ್ಟರೆ ತೊಳೆದುಹೋಗುತ್ತದೆ.

ಗಿಡವಿಟ್ಟರೆ ಕೋಣೆಯ ಗಾಳಿ ಶುದ್ಧವಾಗುತ್ತದೆ ಎಂಬ ಮಾತು ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ನಾಸಾ 1989ರಲ್ಲಿ ವರದಿ ಮಾಡಿದ ಪ್ರಯೋಗ ನಡೆದದ್ದು ಗಾಳಿಯಾಡದ, ಮುಚ್ಚಿದ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕ ಹಾಕಿದವರು, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿಯಷ್ಟು ಕೆಲಸ ಮಾಡಲು ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕಾಗುತ್ತದೆ ಎಂದರು. ಮನೆಯಲ್ಲಿ ನಮಗೆ ನಿಲ್ಲಲು ಜಾಗವಿರುವುದಿಲ್ಲ! ಕಿಟಕಿ ತೆರೆಯಿರಿ, ಗಿಡವನ್ನು ಕಣ್ಣಿನ ತಂಪಿಗಾಗಿ ಇಟ್ಟುಕೊಳ್ಳಿ. ತೆವಳುವ ಮಗುವಿದ್ದರೆ ಅಗಲ ಎಲೆಯಲ್ಲಿ ಬಿಳಿ ಮಚ್ಚೆಯಿರುವ ಡೈಫೆನ್‌ಬೇಕಿಯಾ ಬೇಡ. ಕಚ್ಚಿದರೆ ನಾಲಿಗೆ, ಗಂಟಲು ಊದಿಕೊಳ್ಳುತ್ತವೆ.

ಲಂಟಾನವೂ ಈಗ ಮನೆಯೊಳಗೆ ಬರುತ್ತಿದೆ, ಬೇರೆ ರೂಪದಲ್ಲಿ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. ಇಡೀ ಕಾಡಿನಿಂದ ಲಂಟಾನವನ್ನು ತೆರವು ಮಾಡಲು ಇಷ್ಟು ಸಾಲದು, ಆದರೆ ಕಡ್ಡಿಗೊಂದು ಬೆಲೆ ಬಂತು.

ಕೊನೆಗೊಂದು ಕೆಲಸದ ಮಾತು. ಮನಿ ಪ್ಲಾಂಟ್ ಉದ್ದವಾದರೆ ಕತ್ತರಿಸಿ ಹಳ್ಳಕ್ಕೆ ಎಸೆಯುವುದು ನಮ್ಮಲ್ಲಿ ರೂಢಿ. ಗೆಣ್ಣೊಂದು ತೇವದ ನೆಲಕ್ಕೆ ತಾಗಿದರೆ ಸಾಕು, ಬೇರು ಬಿಡುತ್ತದೆ. ಶ್ರೀಲಂಕಾದ ಕ್ಯಾಂಡಿಯ ಉಡವತ್ತಕೆಲೆ ಕಾಡಿನಲ್ಲಿ ಈ ಬಳ್ಳಿಯೇ ನೆಲವನ್ನು ಹೊದ್ದು, ಮರಗಳನ್ನು ಏರಿ ಕುಳಿತಿದೆ. ಕಾಡಂಚಿನ ನಾವು ಕತ್ತರಿಸಿದ ಬಳ್ಳಿಯನ್ನು ತಾರಸಿಯ ಬಿಸಿಲಲ್ಲಿ ಹರಡಿ, ಮುರಿದರೆ ಲಟಕ್ಕೆನ್ನುವಷ್ಟು ಒಣಗಿಸಿ, ಆಮೇಲೆ ತಿಪ್ಪೆಗೆ ಹಾಕೋಣ. ತೊಟ್ಟಿಯಲ್ಲಿ ಸಾಕಿದ ಅಂತರಗಂಗೆಗೂ ಇದೇ ಉಪಚಾರ. ಊರ ಕೆರೆಗೆ ಮಾತ್ರ ಬಿಡುವುದು ಬೇಡ.