ಮನೆಯಲ್ಲಿ ಯಾವ ಭಾಷೆ ಮಾತಾಡುತ್ತೀರಿ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 2003ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ತಿಪಟೂರಿನಲ್ಲಿ ಪಿಯುಸಿ, ಬೆಂಗಳೂರಿನಲ್ಲಿ ಬಿ.ಇ. ಓದಿ ಈಗ ಅಲ್ಲೇ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಹೋದ ತಿಂಗಳು ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಒಂದು ವರ್ಷ ಫಾರಿನ್‌ನಲ್ಲಿ ಇದ್ದು ಬಂದಿದ್ದೀಯಲ್ಲಪ್ಪ, ಅದರ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳು" ಅಂದರು. ಒಪ್ಪಿಕೊಂಡೆ. ಆದರೆ ಅಲ್ಲಿನ ರಸ್ತೆ, ರೈಲು, ಹಿಮ ಇವನ್ನೆಲ್ಲ ನೀವು ಮೊಬೈಲಿನಲ್ಲಿ ನೋಡಿರುತ್ತೀರಿ. ಅದಕ್ಕೆ ಅಲ್ಲಿ ನನ್ನ ಮಕ್ಕಳಿಗೆ ಏನಾಯಿತು, ಅದರಿಂದ ನನಗೇನು ತಿಳಿಯಿತು ಅನ್ನುವುದನ್ನಷ್ಟೇ ಹೇಳುತ್ತೇನೆ. ಅದರಲ್ಲಿ ಈ ಶಾಲೆಗೆ ಸಂಬಂಧಪಟ್ಟ ಒಂದು ತಪ್ಪೊಪ್ಪಿಗೆಯೂ ಇದೆ.

2022ರ ಆಗಸ್ಟ್‌ನಲ್ಲಿ ನಮ್ಮ ಕಂಪನಿ ನನ್ನನ್ನು ಒಂದು ವರ್ಷದ ಮಟ್ಟಿಗೆ ಜರ್ಮನಿಯ ಸ್ಟುಟ್‌ಗಾರ್ಟ್ ಎಂಬ ಊರಿಗೆ ಕಳಿಸಿತು. ಕಾರು ತಯಾರಿಕೆಗೆ ಹೆಸರಾದ ಊರು ಅದು. ಸುತ್ತ ಗುಡ್ಡ, ಗುಡ್ಡದ ತುಂಬ ದ್ರಾಕ್ಷಿ ತೋಟ. ಹೆಂಡತಿ ತನ್ನ ಕೆಲಸಕ್ಕೆ ಸಂಬಳವಿಲ್ಲದ ರಜೆ ಹಾಕಿದಳು. ಆಗ ಮಗಳಿಗೆ ಆರು ವರ್ಷ, ಮಗನಿಗೆ ಮೂರು.

ಆ ದೇಶದಲ್ಲಿ ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮಗುವಿಗೆ ಆರು ತುಂಬಿದ್ದರೆ ಶಾಲೆಗೆ ಕಳಿಸಲೇಬೇಕು, ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. 2020ರಿಂದ ಇನ್ನೊಂದು ಕಾನೂನು ಬಂದಿದೆ: ಶಾಲೆಗಾಗಲಿ ಶಿಶುವಿಹಾರಕ್ಕಾಗಲಿ ಸೇರುವ ಮಗುವಿಗೆ ದಡಾರದ ಲಸಿಕೆ ಆಗಿದೆ ಎಂದು ತೋರಿಸಬೇಕು. ನನ್ನ ಹತ್ತಿರ ಪಾಸ್‌ಪೋರ್ಟು, ವೀಸಾ, ಡಿಗ್ರಿ ಸರ್ಟಿಫಿಕೇಟು ಎಲ್ಲ ಇದ್ದವು. ಮಕ್ಕಳ ಡಾಕ್ಟರು ಅವುಗಳಲ್ಲಿ ಒಂದನ್ನೂ ನೋಡಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ತಾಯಿ ಕಾರ್ಡು. ಎರಡೂ ಬಾಣಂತನ ನನ್ನ ಹೆಂಡತಿಯ ತವರಿನಲ್ಲೇ ಆದದ್ದರಿಂದ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಸ್ಟರ್ ನೀಲಿ ಪೆನ್ನಿನಲ್ಲಿ ತಾರೀಖು ಬರೆದು ಸಹಿ ಹಾಕಿದ್ದರು. ಡಾಕ್ಟರು ಒಂದೊಂದು ತಾರೀಖನ್ನೂ ಬೆರಳಿಟ್ಟು ನೋಡಿ, ತಮ್ಮ ಹಳದಿ ಪುಸ್ತಕಕ್ಕೆ ಇಳಿಸಿಕೊಂಡು, "ಎಲ್ಲ ಸರಿಯಾಗಿದೆ" ಅಂದರು. ಇಲ್ಲಿ ಆಶಾ ಕಾರ್ಯಕರ್ತೆಯರು, ನರ್ಸಮ್ಮಂದಿರು ಯಾರಾದರೂ ಇದ್ದರೆ ಕೇಳಿಸಿಕೊಳ್ಳಿ. ನಿಮ್ಮ ಕೈಬರಹ ಅಷ್ಟು ದೂರ ಹೋಗಿ ಕೆಲಸ ಮಾಡಿದೆ.

ಸೆಪ್ಟೆಂಬರ್‌ನಲ್ಲಿ ಮಗಳು ಒಂದನೇ ತರಗತಿಗೆ ಸೇರಿದಳು. ಅಲ್ಲಿ ಮೊದಲ ದಿನ ಪ್ರತಿ ಮಗುವಿನ ಕೈಯಲ್ಲೂ ಒಂದು ದೊಡ್ಡ ಕಾಗದದ ಶಂಕು ಇರುತ್ತದೆ, ಹೆಚ್ಚುಕಡಿಮೆ ಮಗುವಿನಷ್ಟೇ ಎತ್ತರ. ಅದರ ತುಂಬ ಸಿಹಿತಿಂಡಿ, ಪೆನ್ಸಿಲ್ಲು, ಬಣ್ಣ. ನಾವೂ ಒಂದು ಮಾಡಿಕೊಟ್ಟೆವು. ಫೋಟೋದಲ್ಲಿ ಅವಳು ನಗುತ್ತಿದ್ದಾಳೆ. ಅವಳು ಆ ಶಾಲೆಯಲ್ಲಿ ನಕ್ಕದ್ದನ್ನು ನಾನು ಮತ್ತೆ ನೋಡಿದ್ದು ಐದು ತಿಂಗಳ ಮೇಲೆ.

ಅವಳು ಅಲ್ಲಿ ಮಾತೇ ಆಡಲಿಲ್ಲ. ಒಂದು ವಾರ ಆಯಿತು, ಎರಡು ವಾರ ಆಯಿತು, ಹೊಸ ಜಾಗ ಅಂದುಕೊಂಡೆವು. ತಿಂಗಳಾಯಿತು. ಹೆಸರು ಕೂಗಿದರೆ ತಲೆ ಎತ್ತುವಳು, ಅಷ್ಟೇ. ಬಾಯಾರಿದರೂ ಕೇಳುತ್ತಿರಲಿಲ್ಲ. ಮಧ್ಯಾಹ್ನ ಮನೆಗೆ ಬಂದರೆ ಇಲ್ಲೂ ಎರಡು ಮಾತು. ಅಕ್ಟೋಬರ್ ಕಳೆದ ಮೇಲೆ ಹಗಲು ದಿನದಿನಕ್ಕೂ ಗಿಡ್ಡವಾಗುತ್ತಾ ಬಂತು. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಕಾಣುವುದು ಬೆಳಗ್ಗೆ ಎಂಟು ಗಂಟೆಯ ಮೇಲೆ, ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಆ ಕತ್ತಲೆಯಲ್ಲಿ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇರುವ ಜಾಕೆಟ್ ಹಾಕಿಕೊಂಡು, ಚೀಲ ಹೊತ್ತು, ಮಾತಿಲ್ಲದೆ ಶಾಲೆಗೆ ಹೋಗುವ ಮಗುವಿನ ಬೆನ್ನು ನೋಡುವುದು ಕಷ್ಟ. ನನ್ನ ಹೆಂಡತಿ ಒಂದು ದಿನ, "ನಿಮ್ಮ ಪ್ರಾಜೆಕ್ಟಿಗೋಸ್ಕರ ಮಗುವಿನ ಬಾಯಿ ಕಟ್ಟಿಹಾಕಿದ್ವಿ" ಅಂದಳು. ಉತ್ತರ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ.

ನವೆಂಬರ್‌ನಲ್ಲಿ ತರಗತಿಯ ಟೀಚರ್ ನಮ್ಮನ್ನು ಕರೆಸಿದರು. ಐವತ್ತು ದಾಟಿದ ಹೆಂಗಸು, ಇಂಗ್ಲಿಷ್ ಸ್ವಲ್ಪ ಬರುತ್ತಿತ್ತು. "ಮಗು ಮಾತಾಡದಿರುವುದಕ್ಕೆ ನಾನು ಹೆದರಿಲ್ಲ. ಹೊಸ ಭಾಷೆಗೆ ಬಂದ ಮಕ್ಕಳು ಕೆಲವು ತಿಂಗಳು ಸುಮ್ಮನೆ ಕೇಳಿಸಿಕೊಳ್ಳುತ್ತಾರೆ. ಆದರೆ ಮನೆಯಲ್ಲಿ ಅವಳ ಜೊತೆ ಯಾವ ಭಾಷೆ ಮಾತಾಡುತ್ತೀರಿ?" ಎಂದು ಕೇಳಿದರು.

"ಇಂಗ್ಲಿಷ್" ಅಂದೆ. ಅರ್ಜಿಯಲ್ಲೂ ಹಾಗೇ ಬರೆದಿದ್ದೆ.

"ನೀವಿಬ್ಬರೂ ಪರಸ್ಪರ?"

"ಕನ್ನಡ."

"ನಿಮ್ಮ ತಾಯಿಯ ಜೊತೆ?"

"ಕನ್ನಡ."

"ಹಾಗಾದರೆ ಮಗುವಿನ ಜೊತೆ ಮಾತ್ರ ಯಾಕೆ ಬೇರೆ ಭಾಷೆ?"

ನನ್ನ ತಪ್ಪೊಪ್ಪಿಗೆ ಇರುವುದು ಇಲ್ಲೇ. ನಾನು ಈ ಶಾಲೆಯಿಂದ ಹೋದ ಮೇಲೆ ಬಿ.ಇ. ಮೊದಲ ವರ್ಷದಲ್ಲಿ ಒಂದು ವೈವಾ ಪರೀಕ್ಷೆ ಇತ್ತು. ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ. ತಡವರಿಸಿದೆ. ಪರೀಕ್ಷಕರು ಪಕ್ಕದವರ ಮುಖ ನೋಡಿ ನಕ್ಕರು. ಆವತ್ತು ಹಾಸ್ಟೆಲ್ಲಿಗೆ ಬಂದು ನಾನು ದೂರಿದ್ದು ಆ ಪರೀಕ್ಷಕರನ್ನಲ್ಲ, ಈ ಶಾಲೆಯನ್ನು. ಕನ್ನಡದಲ್ಲಿ ಓದಿಸಿ ನನ್ನನ್ನು ಹಾಳು ಮಾಡಿದರು ಅಂದುಕೊಂಡೆ. ನನ್ನ ಮಕ್ಕಳಿಗೆ ಈ ಗತಿ ಬರಬಾರದು ಎಂದು ಆಗಲೇ ನಿಶ್ಚಯ ಮಾಡಿದ್ದೆ. ಮಗಳು ಹುಟ್ಟಿದ ಮೇಲೆ, "ಕಮ್ ಹಿಯರ್, ಈಟ್ ದಿಸ್" ಎಂದೇ ಶುರು ಮಾಡಿದೆವು. ಊರಿಂದ ನಮ್ಮವ್ವ ಫೋನ್ ಮಾಡಿ "ಉಂಡ್ಯೇನವ್ವ?" ಅಂದರೆ ಮಗು "ಯೆಸ್ ಅಜ್ಜಿ" ಅಂದು ಓಡಿಹೋಗುತ್ತಿತ್ತು. ಅವ್ವ ಏನೂ ಹೇಳುತ್ತಿರಲಿಲ್ಲ. "ಆಡ್ಕೊಳ್ಲಿ ಬಿಡು" ಎಂದು ಇಟ್ಟುಬಿಡುತ್ತಿದ್ದಳು.

ನಮ್ಮ ಇಂಗ್ಲಿಷ್ ಆಫೀಸಿನ ಇಂಗ್ಲಿಷ್. ಅದರಲ್ಲಿ ಲೆಕ್ಕ ಒಪ್ಪಿಸಬಹುದು, ಮೀಟಿಂಗ್ ಮಾಡಬಹುದು. ಅಳುವ ಮಗುವನ್ನು ಸಮಾಧಾನ ಮಾಡಲು, ಕಥೆ ಹೇಳಲು, ಸುಮ್ಮನೆ ಹರಟಲು ಅದು ಸಾಲದು. ಅಂದರೆ ನಮ್ಮ ಮಗಳು ಜರ್ಮನ್‌ಗೆ ಹೋಗುವ ಮೊದಲೇ ಮನೆಯಲ್ಲಿ ಅರೆಹೊಟ್ಟೆಯಲ್ಲಿದ್ದಳು. ಟೀಚರ್ ಹೇಳಿದರು: "ನಿಮಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಮಾತಾಡಿ. ಕಥೆ ಹೇಳಿ, ಜಗಳ ಆಡಿ, ಎಲ್ಲ ಅದರಲ್ಲೇ. ಒಂದು ಭಾಷೆ ಗಟ್ಟಿಯಾದರೆ ಇನ್ನೊಂದು ಅದರ ಮೇಲೆ ನಿಲ್ಲುತ್ತದೆ. ಜರ್ಮನ್ ಕಲಿಸುವುದು ನನ್ನ ಜವಾಬ್ದಾರಿ."

ಕನ್ನಡದ ಒಂದಕ್ಷರ ಗೊತ್ತಿಲ್ಲದ ಹೆಂಗಸು ನನಗೆ ಕನ್ನಡ ಮಾತಾಡು ಎಂದು ಹೇಳಿ ಕಳಿಸಿದರು.

ಆವತ್ತಿನಿಂದ ಬದಲಾಯಿಸಿದೆವು. ಮೊದಲು ನಮಗೇ ಮುಜುಗರ. ಅವ್ವನಿಗೆ ವಿಷಯ ತಿಳಿಸಿದೆ. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ಅಲ್ಲಿ ಮಧ್ಯಾಹ್ನ ಮೂರೂವರೆ ಆದಾಗ ಇಲ್ಲಿ ರಾತ್ರಿ ಎಂಟು. ದಿನಾ ಆ ಹೊತ್ತಿಗೆ ಅವ್ವ ಊಟ ಮುಗಿಸಿ, ತಮ್ಮನ ಮೊಬೈಲನ್ನು ಚೆಂಬಿಗೆ ಒರಗಿಸಿಟ್ಟುಕೊಂಡು ಕಾಗಕ್ಕ ಗುಬ್ಬಕ್ಕನ ಕಥೆಯಿಂದ ಶುರು ಮಾಡಿದಳು. ಮೊದಮೊದಲು ಮಗಳು ಅರ್ಧಕ್ಕೆ ಎದ್ದು ಹೋಗುವಳು. ಮೂರನೇ ವಾರದಲ್ಲಿ, "ಅಜ್ಜಿ, ಗುಬ್ಬಕ್ಕ ಯಾಕೆ ಬಾಗ್ಲು ತೆಗೀಲಿಲ್ಲ?" ಎಂದು ಕೇಳಿದಳು. ಅಡುಗೆ ಮನೆಯಲ್ಲಿದ್ದ ನನ್ನ ಹೆಂಡತಿ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ಆಚೆ ಬಂದು ನಿಂತಳು.

ಜರ್ಮನ್ ಬಂದದ್ದು ಫೆಬ್ರವರಿಯಲ್ಲಿ. ಟೀಚರ್ ಬೇರೆ ಬೇರೆ ದೇಶದ ತಂದೆ ತಾಯಿಯರನ್ನು ಕರೆದು ಅವರವರ ಕಡೆಯ ಒಂದು ಆಟ ತೋರಿಸಿ ಅಂದಿದ್ದರು. ನನ್ನ ಹೆಂಡತಿ ರಟ್ಟಿನ ಮೇಲೆ ಚೌಕಾಬಾರದ ಮನೆ ಬರೆದಳು. ಅವ್ವ ಕಟ್ಟಿಕೊಟ್ಟಿದ್ದ ಹುಣಸೆಹಣ್ಣಿನ ಬೀಜ ತೆಗೆದು, ಒಂದು ಮಗ್ಗುಲು ಉಜ್ಜಿ, ಅದನ್ನೇ ಕವಡೆ ಮಾಡಿದಳು. ಒಬ್ಬ ಹುಡುಗ ಸರದಿ ತಪ್ಪಿ ಬೀಜ ಹಾಕಿದ. ಆಗ ನಮ್ಮ ಮಗಳು ಅವನ ಕೈ ಹಿಡಿದು ಜರ್ಮನ್‌ನಲ್ಲಿ, "ತಡಿ, ನಿನ್ನ ಸರದಿ ಅಲ್ಲ" ಅಂದಳು. ಆಮೇಲೆ ನಿಯಮವನ್ನೆಲ್ಲ ಅವಳೇ ಹೇಳಿದಳು. ಹರಕು ಮುರುಕು ಜರ್ಮನ್ನೇ, ಆದರೆ ಎಲ್ಲರಿಗೂ ಅರ್ಥವಾಯಿತು. ಆವತ್ತು ನಗು ಕಂಡೆ.

ಕನ್ನಡ ಮಾತಾಡಿದ್ದರಿಂದಲೇ ಜರ್ಮನ್ ಬಂತು ಎಂದು ನಾನು ಲೆಕ್ಕ ಹಾಕಿ ಸಾಧಿಸಲಾರೆ. ಹೊತ್ತು ಬಂದಾಗ ಬರುತ್ತಿತ್ತೋ ಏನೋ. ಮಗು ಮನೆಯಲ್ಲಿ ಮಾತಾಡಲು ಶುರು ಮಾಡಿದ ಮೇಲೆ ಶಾಲೆಯಲ್ಲೂ ಮಾತಾಡಿತು ಅನ್ನುವುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ಆ ಊರಿನ ಜನದ ಬಗ್ಗೆಯೂ ಎರಡು ಮಾತು. ಅಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತದೆ, ಸದ್ದು ಮಾಡುವ ಹಾಗಿಲ್ಲ. ನಮ್ಮ ಮಗ ಮನೆಯೊಳಗೆ ಓಡಾಡಿದ್ದಕ್ಕೆ ಕೆಳಗಿನ ಮನೆಯ ಅಜ್ಜಿ ಬಂದು ಬೆಲ್ ಒತ್ತಿ ಗದರಿಸಿ ಹೋಗಿದ್ದರು. ಜನವರಿಯ ಒಂದು ರಾತ್ರಿ ಅವನಿಗೆ 40 ಡಿಗ್ರಿ ಜ್ವರ. ಅಲ್ಲಿ ರಾತ್ರಿ ಹೊತ್ತು ಡಾಕ್ಟರ ಸಲಹೆಗೆ 116117 ಎಂಬ ನಂಬರ್ ಇದೆ. ಅವರು ಮಕ್ಕಳ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು. ಮಲಗಿದ್ದ ಮಗಳನ್ನು ಎಲ್ಲಿ ಬಿಡುವುದು? ಮೆಟ್ಟಿಲ ಸದ್ದಿಗೆ ಅದೇ ಅಜ್ಜಿ ಬಾಗಿಲು ತೆಗೆದರು. ಏನೂ ಕೇಳದೆ ಮೇಲೆ ಬಂದು ಬೆಳಗಿನ ಜಾವದವರೆಗೆ ಮಗಳ ಹತ್ತಿರ ಕೂತಿದ್ದರು.

ಆ ಸೀಮೆಯಲ್ಲಿ ಇನ್ನೊಂದು ಪದ್ಧತಿ ಇದೆ. ವಠಾರದ ಮೆಟ್ಟಿಲನ್ನು ವಾರಕ್ಕೊಂದು ಮನೆಯವರು ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ತಂದು ನೇತುಹಾಕುತ್ತಾರೆ. ಡಾಕ್ಟರಾಗಲಿ ಡ್ರೈವರಾಗಲಿ, ವಿನಾಯಿತಿ ಇಲ್ಲ. ನಮ್ಮ ಬಾಗಿಲಿಗೆ ಹಲಗೆ ಬಂದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಸೋಮವಾರ ಎಂಟನೇ ಕ್ಲಾಸು, ಮಂಗಳವಾರ ಒಂಬತ್ತು ಎಂದು ಸರದಿ ಹಾಕಿ ಈ ಅಂಗಳ ಗುಡಿಸಿ ನೀರು ಚಿಮುಕಿಸಿದವರು ನಾವು.

ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಟ್ಯೂಬಿಂಗೆನ್ ಎಂಬ ಊರು. ನಮ್ಮ ಕನ್ನಡ ಮೇಷ್ಟ್ರು ನಿಘಂಟು ತೋರಿಸಿ ಹೇಳುತ್ತಿದ್ದ ಫರ್ಡಿನೆಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. 1853ರಲ್ಲಿ ಮಿಷನರಿಯಾಗಿ ನಮ್ಮ ನಾಡಿಗೆ ಬಂದು ಕನ್ನಡ ಕಲಿತು, 1894ರಲ್ಲಿ ಮಂಗಳೂರಿನಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟಿಸಿದ ಮನುಷ್ಯ. ಏಪ್ರಿಲ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಆ ಊರಿಗೆ ಹೋಗಿ ನದಿಯ ದಂಡೆಯಲ್ಲಿ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆವು. ಕಿಟೆಲ್ ಕಥೆ ಹೇಳಿದಾಗ ಮಗಳು, "ಅವರಿಗೆ ಕನ್ನಡ ಕಷ್ಟ ಆಗ್ಲಿಲ್ವಾ ಅಪ್ಪ?" ಅಂದಳು. "ಆಗಿರುತ್ತೆ, ನಿಂಗೆ ಜರ್ಮನ್ ಆಯ್ತಲ್ಲ ಹಾಗೆ" ಅಂದೆ.

ವರ್ಷ ಮುಗಿಯುವಾಗ ಕಂಪನಿ ಇನ್ನೂ ಎರಡು ವರ್ಷ ಇರಿ ಅಂದಿತು. ಹೆಂಡತಿಯ ಕೆಲಸ, ಅವ್ವನ ವಯಸ್ಸು ನೋಡಿ 2023ರ ಆಗಸ್ಟ್‌ನಲ್ಲಿ ವಾಪಸ್ ಬಂದೆವು. ಯಾಕೆ ಬಂದೆ ಎಂದು ಊರಲ್ಲಿ ಬಹಳ ಜನ ಕೇಳಿದ್ದಾರೆ. ಆ ದೇಶ ಕೆಟ್ಟದ್ದು ಎಂದು ಬಂದವನಲ್ಲ. ಅದರ ಋಣ ನನ್ನ ಮೇಲಿದೆ.

ಈಗ ನೀವು ಕೇಳಬಹುದು, "ನಿನ್ನ ಮಗಳು ಬೆಂಗಳೂರಿನಲ್ಲಿ ಯಾವ ಶಾಲೆ?" ಎಂದು. ಇಂಗ್ಲಿಷ್ ಮಾಧ್ಯಮವೇ. ಮುಚ್ಚಿಡುವುದಿಲ್ಲ. ಇಂಗ್ಲಿಷ್ ನನ್ನ ಅನ್ನದ ಭಾಷೆ, ನಿಮ್ಮ ಮಕ್ಕಳಿಗೂ ಅದು ಬೇಕು. ಅದು ಬೇಡ ಎಂದು ಹೇಳಲು ನನಗೆ ಯೋಗ್ಯತೆ ಇಲ್ಲ. ಆದರೆ ಇಷ್ಟನ್ನು ಹೇಳಬಲ್ಲೆ. ಮಗುವಿಗೆ ಇಂಗ್ಲಿಷ್ ಬರಲಿ ಎಂದು ಮನೆಯಲ್ಲಿ ನಮಗೇ ಸರಿಯಾಗಿ ಬಾರದ ಮಾತನ್ನು ಆಡಬೇಡಿ. ಅಜ್ಜಿ ತಾತಂದಿರ ಮಾತಿನಿಂದ ಮಗು ಕೆಡುತ್ತದೆ ಎಂದುಕೊಳ್ಳಬೇಡಿ. ಅಂದು ವೈವಾದಲ್ಲಿ ನನಗೆ ಉತ್ತರ ಗೊತ್ತಿತ್ತಲ್ಲ, ಆ ತಿಳಿವಳಿಕೆಗೆ ಬುನಾದಿ ಬಿದ್ದದ್ದು ಇಲ್ಲಿ. ಪೈಥಾಗೊರಸ್ ಪ್ರಮೇಯವನ್ನು ಲೆಕ್ಕದ ಮೇಷ್ಟ್ರು ಈ ಅಂಗಳದ ಮಣ್ಣಿನ ಮೇಲೆ ತೆಂಗಿನ ಕಡ್ಡಿಯಲ್ಲಿ ಬರೆದು ಕನ್ನಡದಲ್ಲಿ ಅರ್ಥ ಮಾಡಿಸಿದ್ದರು. ನನಗೆ ಇಲ್ಲದೆ ಹೋದದ್ದು ಇಂಗ್ಲಿಷಿನಲ್ಲಿ ಬಾಯಿ ಬಿಟ್ಟು ಮಾತಾಡುವ ಅಭ್ಯಾಸ, ಅಷ್ಟೇ. ಅದಕ್ಕೆ ಶಾಲೆಯನ್ನು ದೂರಿದ್ದು ತಪ್ಪು. ಗುರುಗಳೇ, ಕ್ಷಮಿಸಿ.

ಆ ಅಭ್ಯಾಸದ ಕೊರತೆಯನ್ನು ತುಂಬಲು ನಮ್ಮ ಬ್ಯಾಚಿನ ಐದು ಜನ ಒಂದು ಮಾತು ಕೊಡುತ್ತಿದ್ದೇವೆ. ತಿಂಗಳಿಗೊಂದು ಶನಿವಾರ ಸರದಿಯ ಮೇಲೆ ಬಂದು ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತೇವೆ. ತಪ್ಪು ಮಾತಾಡಿದರೆ ಯಾರೂ ನಗುವ ಹಾಗಿಲ್ಲ, ನಿಯಮ ಇದೊಂದೇ. ಇನ್ನೊಂದು, ಸ್ಟುಟ್‌ಗಾರ್ಟ್‌ನ ನಗರ ಗ್ರಂಥಾಲಯದಲ್ಲಿ ಮಕ್ಕಳು ತಾವೇ ಕೈಹಾಕಿ ಪುಸ್ತಕ ತೆಗೆದುಕೊಳ್ಳುತ್ತಿದ್ದರು. ನಮ್ಮ ಕಾಲದಲ್ಲಿ ಇಲ್ಲಿನ ಪುಸ್ತಕದ ಬೀರುವಿಗೆ ಬೀಗ ಇತ್ತು. ಬಾಗಿಲಿಲ್ಲದ ಒಂದು ಕಪಾಟು ಮಾಡಿಸಿ, ಕನ್ನಡ ಇಂಗ್ಲಿಷ್ ಎರಡೂ ಪುಸ್ತಕ ಇಟ್ಟು ಕೊಡುತ್ತೇವೆ. ಪುಸ್ತಕ ಹರಿದರೆ ಹರಿಯಲಿ, ಮತ್ತೆ ತರೋಣ.

ನಮ್ಮ ಮಗಳು ಈವತ್ತು ನನ್ನ ಜೊತೆ ಬಂದಿದ್ದಾಳೆ. ಅಗೋ, ಅಲ್ಲಿ ಅವ್ವನ ಪಕ್ಕ ಕೂತಿದ್ದಾಳೆ. ನಾನು ಮಾತು ಶುರು ಮಾಡಿದಾಗಿನಿಂದ ಇಬ್ಬರೂ ಗುಸುಗುಸು ಮಾತಾಡುತ್ತಲೇ ಇದ್ದಾರೆ. ಸಭೆಯಲ್ಲಿ ಹಾಗೆ ಮಾತಾಡಬಾರದು, ನಿಜ. ಆದರೆ ದಯವಿಟ್ಟು ಯಾರೂ ಅವರನ್ನು ಸುಮ್ಮನಿರಿಸಬೇಡಿ.