ಮತಪೆಟ್ಟಿಗೆಗೂ ಮುಂಚಿನ ರಾಯಚೂರು

ಮೊದಲ ಮಹಾಯುದ್ಧ ಮುಗಿದ 1918ರಲ್ಲಿ ಬ್ರಿಟನ್ನಿನಲ್ಲಿ 30 ದಾಟಿದ ಹೆಣ್ಣುಮಕ್ಕಳಿಗೆ ಕೆಲವು ಷರತ್ತುಗಳ ಮೇಲೆ ಮತದ ಹಕ್ಕು ಸಿಕ್ಕಿತು. 1924ರಲ್ಲಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅಲ್ಲಿಯ ಮೊದಲ ಕಾರ್ಮಿಕ ಪಕ್ಷದ ಸರ್ಕಾರ ಕಟ್ಟಿದರು. 1928ಕ್ಕೆ 21 ತುಂಬಿದ ಹೆಂಗಸರೂ ಗಂಡಸರ ಸಮಕ್ಕೆ ಮತದಾರರಾದರು. ಅದೇ ಬ್ರಿಟನ್ನಿನ ಸಾರ್ವಭೌಮತ್ವಕ್ಕೆ ಒಳಪಟ್ಟಿದ್ದ ನಮ್ಮ ರಾಯಚೂರು, ಮಾನ್ವಿ, ದೇವದುರ್ಗಗಳ ಪಾಲಿಗೆ 1918ರಿಂದ ಮುಂದಿನ ಇಪ್ಪತ್ತು ವರ್ಷ ಹೇಗಿದ್ದವು?

ಕೃಷ್ಣಾ-ತುಂಗಭದ್ರೆಯರ ನಡುವಿನ ಈ ದೋಆಬ್ 1853ರಿಂದ 1860ರವರೆಗೆ ಇಂಗ್ಲಿಷರ ಕೈಯಲ್ಲಿದ್ದು, ಆಮೇಲೆ ಹೈದರಾಬಾದಿನ ನಿಜಾಮರಿಗೆ ಮರಳಿತ್ತು. ಕಾನೂನು ನಿಜಾಮರದು, ಬೆನ್ನಿಗಿದ್ದ ಬಲ ಬ್ರಿಟಿಷರದು. ಬಿರಾರ್ ಪ್ರಾಂತವನ್ನು ಮರಳಿ ಕೇಳಿದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಗೆ 1926ರ ಮಾರ್ಚಿನಲ್ಲಿ ವೈಸರಾಯ್ ಲಾರ್ಡ್ ರೀಡಿಂಗ್ ಖಡಾಖಂಡಿತವಾಗಿ ಬರೆದರು: ಬ್ರಿಟಿಷ್ ಸರ್ಕಾರದೊಡನೆ ಸರಿಸಮನಾಗಿ ವ್ಯವಹರಿಸುವ ಹಕ್ಕು ಯಾವ ಸಂಸ್ಥಾನಿಕನಿಗೂ ಇಲ್ಲ. ಆ ಪತ್ರ ದೊರೆಯ ಮೇರೆಯನ್ನು ಗೊತ್ತುಮಾಡಿತು. ಪ್ರಜೆಯ ಹಕ್ಕಿನ ಮಾತು ಅದರ ವಿಷಯವೇ ಆಗಿರಲಿಲ್ಲ. 1930ರ ಲಂಡನ್ ದುಂಡುಮೇಜಿನ ಪರಿಷತ್ತಿನಲ್ಲೂ ಹೈದರಾಬಾದಿನ ಪರವಾಗಿ ಮಾತಾಡಿದವರು ನಿಜಾಮರ ಮಂತ್ರಿ ಸರ್ ಅಕ್ಬರ್ ಹೈದರಿ. ಸಂಸ್ಥಾನದ ರೈತನಿಗೆ ಅಲ್ಲಿ ಪ್ರತಿನಿಧಿಯೇ ಇರಲಿಲ್ಲ.

ಬ್ರಿಟಿಷರ ಪ್ರಜೆಗೂ ನಿಜಾಮರ ಪ್ರಜೆಗೂ ಇದ್ದ ಅಂತರ ಮಾನ್ವಿ ಸೀಮೆಯವರಿಗೆ ಕಣ್ಣೆದುರಿಗೇ ಇತ್ತು. ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ. ಇಲ್ಲಿ ನಿಜಾಮರ ನಾಣ್ಯ ಹಾಲಿ ಸಿಕ್ಕಾ, ಅಲ್ಲಿ ಬ್ರಿಟಿಷರ ಕಲ್ದಾರ ರೂಪಾಯಿ. ನೂರು ಕಲ್ದಾರಕ್ಕೆ ಹಾಲಿಯಲ್ಲಿ 116ಕ್ಕೂ ಹೆಚ್ಚು ಎಣಿಸಬೇಕಿತ್ತು. ಗಡಿ ದಾಟುವ ಸರಕಿಗೆ ಕರೋಡ್‌ಗಿರಿ ಸುಂಕ. 1937ರಲ್ಲಿ ಆಚೆ ದಡದವರು ಶಾಸನಸಭೆಗೆ ಮತ ಹಾಕಿದರು. ಈಚೆ ದಡದವರಿಗೆ ಸಾರ್ವಜನಿಕ ಸಭೆ ಕೂಡಲಿಕ್ಕೂ ಸರ್ಕಾರದ ಅನುಮತಿ ಬೇಕಿತ್ತು. ಕೃಷ್ಣೆಯ ದಡದ ದೇವದುರ್ಗಕ್ಕೆ ಆ ಆಚೆ ದಡವೂ ಇರಲಿಲ್ಲ. ಹೊಳೆಯಾಚೆಯ ಸುರಪುರವೂ ನಿಜಾಮರದೇ.

ರಾಜಕೀಯಕ್ಕೆ ಬಾಗಿಲು ಮುಚ್ಚಿದಾಗ ನಮ್ಮ ಹಿರಿಯರು ಶಾಲೆಯ ಬಾಗಿಲು ತೆರೆದರು. 1920ರ ಸುಮಾರಿಗೆ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮದರ್ದ್ ಶಾಲೆ ಕಟ್ಟಿದರು. ಕೋರ್ಟು, ಕಚೇರಿಗಳೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದ ಊರಿನಲ್ಲಿ 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರೆಯಿತು. ಸಂಸ್ಥಾನದ ಕನ್ನಡಿಗರಿಗೆ ನಾವು ಯಾರು, ನಮ್ಮ ನಾಡು ಎಲ್ಲಿಯವರೆಗೆ ಎಂದು ಬಹಿರಂಗವಾಗಿ ಹೇಳಿಕೊಳ್ಳಲು ಅದೊಂದು ವೇದಿಕೆಯಾಯಿತು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಹುಟ್ಟುವ ಮೊದಲೇ ನಿಷೇಧಕ್ಕೆ ಒಳಗಾದರೂ ಜನ ಸತ್ಯಾಗ್ರಹಕ್ಕೆ ಇಳಿದರು. ಸೇರುವುದು, ಮಾತಾಡುವುದು, ಸಂಘ ಕಟ್ಟುವುದು ಅವರಿಗಾಗಲೇ ರೂಢಿಯಾಗಿತ್ತು.

1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿಯಿತು. 1951–52ರ ಮೊದಲ ಮಹಾ ಚುನಾವಣೆಯಲ್ಲಿ 21 ತುಂಬಿದ ಗಂಡಸರೂ ಹೆಂಗಸರೂ ಒಟ್ಟಿಗೇ ಮತದಾರರಾದರು. ಬ್ರಿಟನ್ನಿನ ಹೆಣ್ಣುಮಕ್ಕಳು ಹತ್ತು ವರ್ಷ ಕಾದು ಎರಡು ಕಂತಿನಲ್ಲಿ ಪಡೆದ ಹಕ್ಕು ದೇವದುರ್ಗದ ಕೂಲಿ ಹೆಂಗಸಿಗೆ ಒಂದೇ ಸಲಕ್ಕೆ ಬಂತು. ಆ ಹಕ್ಕಿಗೆ ಈ ನೆಲವನ್ನು ಹದ ಮಾಡಿದವರಲ್ಲಿ ಶಾಲೆ ಕಟ್ಟಿದವರೂ ಸಮ್ಮೇಳನ ನಡೆಸಿದವರೂ ಇದ್ದಾರೆ. ನಮ್ಮ ಜಿಲ್ಲೆಯ ಸ್ವಾತಂತ್ರ್ಯದ ಇತಿಹಾಸ ಬರೆಯುವಾಗ ಅವರ ಹೆಸರೂ ಮೊದಲ ಸಾಲಿನಲ್ಲೇ ಇರಬೇಕು.